ಮಗುವಿಗೆ ಬಿಟ್ಟ ಜ್ವರ ಮರಳಿ ಬಂದರೆ...

೨೦೨೧ರ ಜೂನ್ ತಿಂಗಳ ಕೊನೆಯ ವಾರ. ಸಿಂಧನೂರು ಸಮೀಪದ ಕ್ಯಾಂಪೊಂದರಿಂದ ತಾಯಿಯೊಬ್ಬಳು ಏಳು ವರ್ಷದ ಮಗನನ್ನು ಹೊತ್ತುಕೊಂಡೇ ನನ್ನ ದವಾಖಾನೆಗೆ ಬಂದಳು. ನಾಲ್ಕು ದಿನದಿಂದ ಬಿಡದ ಜ್ವರ, ಹೊಟ್ಟೆನೋವು, ವಾಂತಿ. ಊರಲ್ಲೇ ಎರಡು ಸಲ ಸೂಜಿ ಮಾಡಿಸಿದ್ದರು. ಟೈಫಾಯ್ಡ್ ಇರಬಹುದೆಂದು ನಾನೂ ಮೊದಲು ಎಣಿಸಿದೆ. ಆದರೆ ಹುಡುಗನ ಎರಡೂ ಕಣ್ಣು ಕೆಂಪಾಗಿದ್ದವು. ಕೀವಾಗಲಿ ಪಿಚ್ಚಾಗಲಿ ಇರಲಿಲ್ಲ. ತುಟಿ ಒಡೆದಿದ್ದವು. ಮೈ ಸುಡುತ್ತಿದ್ದರೂ ಅಂಗೈ ತಣ್ಣಗಿತ್ತು.

"ಹಿಂದಿನ ತಿಂಗಳು ಮನ್ಯಾಗ ಯಾರಿಗರೆ ಜ್ವರ ಬಂದಿತ್ತೇನವ್ವ?" ಎಂದು ಕೇಳಿದೆ.

"ಇವರಪ್ಪಗ ಕೊರೊನಾ ಆಗಿತ್ತರಿ ಸಾಹೇಬ್ರ. ಹುಡುಗಗ ಎರಡು ದಿನ ಮೈ ಬೆಚ್ಚಗಿತ್ತು, ತಾನ ಆರಾಮಾತು. ಅದಕ್ಕೂ ಇದಕ್ಕೂ ಏನು ಸಂಬಂಧರಿ?"

ಆ ತಾಯಿಯ ಪ್ರಶ್ನೆಗೆ ಉತ್ತರವೇ ಈ ವಾರದ ಲೇಖನ.

ಮುಚ್ಚದೆ ಉಳಿದ ತೂಬು

ವೈರಾಣು ಮೈ ಹೊಕ್ಕಾಗ ರೋಗನಿರೋಧಕ ಶಕ್ತಿ ಅದರ ಮೇಲೆ ಬೀಳುತ್ತದೆ. ವೈರಾಣು ಸತ್ತ ಮೇಲೆ ಈ ಹೋರಾಟ ನಿಲ್ಲಬೇಕು. ಗದ್ದೆಗೆ ನೀರು ಸಾಕಾದ ಮೇಲೆ ಕಾಲುವೆಯ ತೂಬು ಮುಚ್ಚುತ್ತೇವಲ್ಲ, ಹಾಗೆ. ತೂಬು ಮುಚ್ಚದಿದ್ದರೆ ಪೈರನ್ನು ಬದುಕಿಸಿದ ನೀರೇ ಒಡ್ಡು ಒಡೆಯುತ್ತದೆ. ಕೆಲವೇ ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ. ಸೋಂಕು ಹೋದ ಮೇಲೂ ನಿರೋಧಕ ಶಕ್ತಿ ಶಾಂತವಾಗದೆ ಸ್ವಂತ ಅಂಗಗಳಲ್ಲೇ ಉರಿಯೂತ ಎಬ್ಬಿಸುತ್ತದೆ. ಹೃದಯ, ರಕ್ತನಾಳ, ಕರುಳು, ಮೂತ್ರಪಿಂಡ, ಮೆದುಳು, ಯಾವುದೂ ಇದಕ್ಕೆ ಹೊರತಲ್ಲ.

ಕೋವಿಡ್ ನಂತರ ಬರುವ ಇಂಥ ಕಾಯಿಲೆಯನ್ನು ಮೊದಲು ಗುರುತಿಸಿ ಎಚ್ಚರಿಕೆ ಕೊಟ್ಟವರು ಬ್ರಿಟನ್ನಿನ ವೈದ್ಯರು, ೨೦೨೦ರ ಏಪ್ರಿಲ್‌ನಲ್ಲಿ. ಮರು ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಅದರ ಲಕ್ಷಣಗಳನ್ನು ಪಟ್ಟಿ ಮಾಡಿತು. ವೈದ್ಯರು ಇದನ್ನು ಚಿಕ್ಕದಾಗಿ 'ಮಿಸ್-ಸಿ' ಎನ್ನುತ್ತಾರೆ. ಮಕ್ಕಳ ಬಹು ಅಂಗಾಂಗ ಉರಿಯೂತ ಎಂದು ಅರ್ಥ. ೨೦೨೧ರ ಎರಡನೇ ಅಲೆ ಇಳಿದ ಮೇಲೆ ನಮ್ಮ ರಾಜ್ಯದಲ್ಲೂ ಇಂಥ ಮಕ್ಕಳು ಆಸ್ಪತ್ರೆ ಸೇರಿದರು. ಅದೇ ಜೂನ್‌ನಲ್ಲಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಸಂಸ್ಥೆಯಲ್ಲಿ, ಕೋವಿಡ್ ನಂತರ ಮೆದುಳಿಗೇ ಪೆಟ್ಟು ಬಿದ್ದ ಬಾಲಕನೊಬ್ಬನ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು.

ಈಗ ಮಿಸ್-ಸಿ ಬಹಳ ಕಡಿಮೆಯಾಗಿದೆ. ಆದರೆ ಅದರ ಹಿರಿಯಣ್ಣನಂಥ ಕಾಯಿಲೆ ಇನ್ನೂ ನಮ್ಮ ನಡುವೆ ಇದೆ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ೧೯೬೧ರಲ್ಲಿ ಮೊದಲ ರೋಗಿಯನ್ನು ಕಂಡು, ೧೯೬೭ರಲ್ಲಿ ವರದಿ ಮಾಡಿದ 'ಕವಾಸಾಕಿ ಕಾಯಿಲೆ' ಅದು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಯಾವುದೋ ಸೋಂಕು ಇದಕ್ಕೆ ಕಿಡಿ ಹೊತ್ತಿಸುತ್ತದೆ ಎಂಬುದು ತಜ್ಞರ ಅಭಿಪ್ರಾಯ. ಚಿಕಿತ್ಸೆ ಸಿಗದಿದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಹೃದಯದ ರಕ್ತನಾಳ ಉಬ್ಬಿ ಹಾಳಾಗುತ್ತದೆ. ಹತ್ತು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಈ ಅಪಾಯ ನೂರಕ್ಕೆ ಸುಮಾರು ನಾಲ್ಕಕ್ಕೆ ಇಳಿಯುತ್ತದೆ. ದಿನಗಳ ಲೆಕ್ಕ ಎಷ್ಟು ಮುಖ್ಯ ಎಂಬುದನ್ನು ಇದರಿಂದಲೇ ತಿಳಿಯಬಹುದು.

ಗುರುತಿಸುವುದು ಹೇಗೆ?

ತಾಯಂದಿರು ಮೊದಲು ನೆನಪಿಡಬೇಕಾದದ್ದು ಜ್ವರದ ದಿನಗಳನ್ನು. ಮಿಸ್-ಸಿ ಸಾಮಾನ್ಯವಾಗಿ ಸೋಂಕಿನ ನಂತರ ಎರಡರಿಂದ ಆರು ವಾರದೊಳಗೆ ಬರುತ್ತದೆ. ಮೊದಲ ಸೋಂಕು ಗೊತ್ತೇ ಆಗದಷ್ಟು ಸಣ್ಣದಾಗಿರಬಹುದು. ಕವಾಸಾಕಿಯಲ್ಲಿ ಜ್ವರ ಸಾಮಾನ್ಯವಾಗಿ ಐದು ದಿನ ದಾಟಿದರೂ ಬಿಡುವುದಿಲ್ಲ. ಆದ್ದರಿಂದ ಜ್ವರ ಮೂರು ದಿನ ದಾಟಿದರೆ ಮಗುವನ್ನು ಬೆಳಕಿನಲ್ಲಿ ಕೂರಿಸಿ ನೋಡಿರಿ:

೧. ಎರಡೂ ಕಣ್ಣು ಕೆಂಪಾಗಿ, ಪಿಚ್ಚು ಇಲ್ಲದಿರುವುದು.
೨. ತುಟಿ ಕೆಂಪೇರಿ ಒಡೆಯುವುದು. ನಾಲಿಗೆ ಕೆಂಪಾಗಿ ಗುಳ್ಳೆಗುಳ್ಳೆಯಾಗಿ ಕಾಣುವುದು.
೩. ಮೈಮೇಲೆ ಕೆಂಪು ದದ್ದು.
೪. ಅಂಗೈ, ಅಂಗಾಲು ಕೆಂಪಾಗುವುದು, ಊದುವುದು.
೫. ಕುತ್ತಿಗೆಯಲ್ಲಿ ಗಡ್ಡೆ.
೬. ತೀವ್ರ ಹೊಟ್ಟೆನೋವು, ವಾಂತಿ, ಭೇದಿ. ಇದು ಮಿಸ್-ಸಿಯಲ್ಲಿ ಹೆಚ್ಚು. ಅಪೆಂಡಿಸೈಟಿಸ್ ಎಂದು ತಪ್ಪು ತಿಳಿಯುವುದೂ ಉಂಟು.

ಕೂಸುಗಳಲ್ಲಿ ಬಿ.ಸಿ.ಜಿ. ಲಸಿಕೆ ಹಾಕಿದ ಜಾಗ ಮತ್ತೆ ಕೆಂಪಾಗುವುದೂ ಕವಾಸಾಕಿಯ ಒಂದು ಸುಳಿವು. ಈ ಲಕ್ಷಣಗಳೆಲ್ಲ ಒಟ್ಟಿಗೆ ಕಾಣಬೇಕೆಂದಿಲ್ಲ. ಒಂದು ಬಂದು ಹೋದ ಮೇಲೆ ಇನ್ನೊಂದು ಬರಬಹುದು. ಜ್ವರದ ಜೊತೆ ಒಂದೆರಡು ಕಂಡರೂ ಅಂದೇ ವೈದ್ಯರಿಗೆ ತೋರಿಸಿರಿ.

ಇನ್ನು ಕೆಲವು ಲಕ್ಷಣಗಳಿಗೆ ಬೆಳಗಾಗುವವರೆಗೂ ಕಾಯಬಾರದು. ಕೈಕಾಲು ತಣ್ಣಗಾಗುವುದು, ಏದುಸಿರು, ಎದೆನೋವು, ಮಂಕು ಕವಿದು ಮಲಗುವುದು, ಫಿಟ್ಸ್, ಆರೆಂಟು ತಾಸು ಮೂತ್ರ ಮಾಡದಿರುವುದು, ಓಡಾಡುವ ಮಗುವಿನ ಕಾಲು ಸೋತು ನಿಲ್ಲಲಾಗದಿರುವುದು. ಇವುಗಳಲ್ಲಿ ಯಾವುದೇ ಕಂಡರೂ ೧೦೮ಕ್ಕೆ ಫೋನ್ ಮಾಡಿರಿ.

ನಮ್ಮ ಕಡೆಯ ಮೂರು ತಪ್ಪುಗಳು

ಮೊದಲನೆಯದು, ದದ್ದು ಎದ್ದೊಡನೆ "ಅಮ್ಮ ಬಂದಾಳ" ಎಂದು ಬೇವಿನ ಸೊಪ್ಪು ಕಟ್ಟಿ ಮಗುವನ್ನು ಒಳಗೆ ಮಲಗಿಸುವುದು. ಪೂಜೆಗೆ ನನ್ನ ತಕರಾರಿಲ್ಲ. ಆದರೆ ಅದಕ್ಕಾಗಿ ಚಿಕಿತ್ಸೆಯ ಹತ್ತು ದಿನ ಕಳೆಯಬಾರದು. ದಡಾರವೇ ಆಗಿದ್ದರೂ ವೈದ್ಯರು ನೋಡಲೇಬೇಕು.

ಎರಡನೆಯದು, ಸಿಕ್ಕವರ ಕೈಯಲ್ಲಿ ಸೂಜಿ ಮಾಡಿಸುವುದು. ಆ ಸೂಜಿಯಲ್ಲಿ ಸ್ಟಿರಾಯ್ಡ್ ಇದ್ದರೆ ಜ್ವರ ಒಂದು ದಿನ ಇಳಿಯುತ್ತದೆ, ಲಕ್ಷಣಗಳು ಮಸುಕಾಗುತ್ತವೆ, ನಮಗೆ ರೋಗದ ಜಾಡು ಸಿಗದಾಗುತ್ತದೆ.

ಮೂರನೆಯದು, ಅಂಗಡಿಯ ಆಸ್ಪಿರಿನ್ ಅಥವಾ ಬ್ರೂಫೆನ್ ಕೊಡುವುದು. ವೈರಾಣು ಜ್ವರದಲ್ಲಿ ಆಸ್ಪಿರಿನ್ ಕೊಟ್ಟರೆ ಯಕೃತ್ತು ಮತ್ತು ಮೆದುಳು ಕೆಡುವ 'ರೈ ಕಾಯಿಲೆ' ಬರಬಹುದು. ಡೆಂಗಿಯಾಗಿದ್ದರೆ ಎರಡೂ ರಕ್ತಸ್ರಾವಕ್ಕೆ ದಾರಿ. ಜ್ವರಕ್ಕೆ ಮನೆಯಲ್ಲಿ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ಮಗುವಿನ ತೂಕ ನೋಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ.

ಚಿಕಿತ್ಸೆ ಏನು?

ಇದನ್ನು ಒಂದೇ ಪರೀಕ್ಷೆಯಿಂದ ಕಂಡುಹಿಡಿಯಲಾಗದು. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಅಲ್ಲವೆಂದು ಖಚಿತಪಡಿಸಿಕೊಂಡು, ರಕ್ತದಲ್ಲಿ ಸಿ.ಆರ್.ಪಿ., ಇ.ಎಸ್.ಆರ್. ಮುಂತಾದ ಉರಿಯೂತದ ಅಂಶಗಳನ್ನು ನೋಡುತ್ತಾರೆ. ಹೃದಯದ ಸ್ಥಿತಿ ತಿಳಿಯಲು ಎಕೋ ಮಾಡಿಸುತ್ತಾರೆ. ಮುಖ್ಯ ಔಷಧಿ ಇಮ್ಯುನೊಗ್ಲಾಬ್ಯುಲಿನ್. ಸಾವಿರಾರು ದಾನಿಗಳ ರಕ್ತದಿಂದ ತಯಾರಿಸಿದ್ದು. ಕಿಲೋ ತೂಕಕ್ಕೆ ಎರಡು ಗ್ರಾಂ ಲೆಕ್ಕದಲ್ಲಿ ಸಲೈನಿನಂತೆ ನಿಧಾನವಾಗಿ ಏರಿಸುತ್ತಾರೆ. ಅಗತ್ಯವಿದ್ದರೆ ಸ್ಟಿರಾಯ್ಡ್ ಮತ್ತು ಅಳತೆಯ ಆಸ್ಪಿರಿನ್ ಸಹ ಕೊಡುತ್ತಾರೆ. ಮನೆಯಲ್ಲಿ ಬೇಡವೆಂದ ಮದ್ದೇ ಆಸ್ಪತ್ರೆಯ ನಿಗಾದಲ್ಲಿ ಉಪಕಾರಿ.

ಔಷಧಿ ದುಬಾರಿ. ಮಗುವನ್ನು ರಾಯಚೂರು, ಬಳ್ಳಾರಿ ಅಥವಾ ಕಲಬುರಗಿಯ ದೊಡ್ಡಾಸ್ಪತ್ರೆಗೆ ಒಯ್ಯುವಾಗ ಬಿ.ಪಿ.ಎಲ್. ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿರಿ. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳು ಮುಂದೂಡಬೇಕು. ಲಸಿಕೆ ಹಾಕುವ ದಾದಿಗೆ ಇದನ್ನು ತಪ್ಪದೆ ಹೇಳಿರಿ.

ಗೋಡೆಯ ಕ್ಯಾಲೆಂಡರ್

ಮಕ್ಕಳಿಗೆ ಬರುವ ಜ್ವರಗಳಲ್ಲಿ ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ. ಹೀಗಾಗಿ ಪ್ರತಿ ಜ್ವರಕ್ಕೂ ಗಾಬರಿ ಬೇಡ. ಒಂದು ಸಣ್ಣ ಅಭ್ಯಾಸ ಮಾತ್ರ ಬೇಕು. ಮನೆಯಲ್ಲಿ ಯಾರಿಗೇ ಜ್ವರ ಬರಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿರಿ. ಬಿಟ್ಟ ದಿನವನ್ನೂ ಬರೆಯಿರಿ. ಮಗುವಿಗೆ ಮತ್ತೆ ಜ್ವರ ಬಂದರೆ ವೈದ್ಯರು ಕೇಳುವ ಮೊದಲೇ ಆ ತಾರೀಕು ಹೇಳಿರಿ. ಕೊಟ್ಟ ಗುಳಿಗೆ, ಸೂಜಿಯ ಚೀಟಿಯೂ ಕೈಯಲ್ಲಿರಲಿ.

ಆ ಹುಡುಗನನ್ನು ಅಂದು ರಾತ್ರಿಯೇ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆ. ಎಕೋದಲ್ಲಿ ಹೃದಯ ಸೋತಿದ್ದು ಕಂಡಿತು. ಚಿಕಿತ್ಸೆ ಆರಂಭವಾದ ಎರಡು ದಿನಕ್ಕೆ ಜ್ವರ ಬಿಟ್ಟಿತು. ಎರಡು ತಿಂಗಳ ನಂತರದ ಎಕೋ ಸರಿಯಾಗಿತ್ತು. ಆ ತಾಯಿ ಹೇಳಿದ ಒಂದು ಮಾತು, "ಇವರಪ್ಪಗ ಕೊರೊನಾ ಆಗಿತ್ತರಿ" ಎಂಬುದು, ನನಗೆ ದಾರಿ ತೋರಿಸಿತು. ನಾನು ಕೇಳದೆ ಹೋಗಿದ್ದರೆ ಆಕೆ ಹೇಳುತ್ತಿರಲಿಲ್ಲ. ನೀವು ಮಾತ್ರ ವೈದ್ಯರು ಕೇಳಲಿ ಎಂದು ಕಾಯಬೇಡಿ.