ಕಂಡಿಕೆಯ ಲೆಕ್ಕ

ನೇಕಾರರ ಮನೆಗೆ ಹೆಣ್ಣು ಕೊಡುವವರು ಈಗ ಮೊದಲು ಕೇಳುವುದು, "ಹುಡುಗ ಮಗ್ಗ ಬಿಟ್ಟು ಬೇರೇನಾದ್ರೂ ಮಾಡ್ತಾನಾ?" ಅಂತ. ನಮ್ಮಪ್ಪನೂ ಅದನ್ನೇ ಕೇಳಿದ್ದರು. "ಇಲ್ಲ ಮಾವ, ಮಗ್ಗ ಅಷ್ಟೇ" ಎಂದು ಇವರು ಸುತ್ತಿ ಬಳಸದೆ ಹೇಳಿದ್ದು ನನಗೆ ಹಿಡಿಸಿತು, ಅಪ್ಪನಿಗೆ ಹಿಡಿಸಲಿಲ್ಲ. ಕೊರೊನಾ ಎರಡನೇ ಅಲೆ ಇಳಿದ ಮೇಲೆ, 2021ರಲ್ಲಿ, ಎಣಿಸಿ ಕರೆದ ಜನರ ಮುಂದೆ ಮದುವೆಯಾಗಿ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬಂದೆ.

ಎರಡೂ ಚಿತ್ರದುರ್ಗ ಜಿಲ್ಲೆಯವೇ, ಅಕ್ಕಪಕ್ಕದ ತಾಲ್ಲೂಕುಗಳೇ. ಆದರೂ ಬದುಕಿನ ಎಣಿಕೆ ಬೇರೆ. ಚಳ್ಳಕೆರೆ ಶೇಂಗಾದ ಊರು, ಎಣ್ಣೆ ಮಿಲ್ಲುಗಳ ಊರು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ನಮ್ಮದೂ ಒಂದಾದ್ದರಿಂದ ತವರಿನಲ್ಲಿ ಮೋಡ ಕಟ್ಟಿದರೆ ಅಂಗಳಕ್ಕೆ ಬಂದು ನಿಂತು ನೋಡುತ್ತಿದ್ದೆವು. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮೋಡ ಕಟ್ಟಿದರೆ ಅತ್ತೆಯ ಮುಖ ಗಂಟಾಗುತ್ತದೆ. ಇಲ್ಲಿಯದು ಕುಣಿಮಗ್ಗ. ನೇಯುವವರು ಕಾಲಿಳಿಬಿಟ್ಟು ಕೂರುವ ಗುಂಡಿಯೊಳಗೆ ನೀರು ಜಿನುಗುತ್ತದೆ, ಮಗ್ಗಕ್ಕೆ ಹೂಡಿದ ಉದ್ದ ಎಳೆಗಳ ಹಾಸು ತೇವ ಹಿಡಿಯುತ್ತದೆ, ಕೆಲಸ ನಿಲ್ಲುತ್ತದೆ. ಒಂದೇ ಮಳೆಗೆ ತವರಿನಿಂದ ಖುಷಿಯ ಫೋನು ಬಂದರೆ ನಾನಿಲ್ಲಿ ಚೊಂಬು ಹಿಡಿದು ಗುಂಡಿಯ ನೀರು ಎತ್ತುತ್ತಿರುತ್ತೇನೆ.

ಮದುವೆಯಾದ ವರ್ಷ ಸೀರೆ ವ್ಯಾಪಾರ ನೆಲ ಕಚ್ಚಿತ್ತು. ಮದುವೆಗಳೇ ಸಣ್ಣವಾದಾಗ ರೇಷ್ಮೆ ಸೀರೆ ಯಾರು ಕೊಳ್ಳುತ್ತಾರೆ? ರೇಷ್ಮೆ, ಜರಿ ಕೊಟ್ಟು ಕೂಲಿಗೆ ನೇಯಿಸಿಕೊಳ್ಳುವ ಮಾಲೀಕರು ಹಾಸು ಕೊಡುವುದನ್ನೇ ಕಡಿಮೆ ಮಾಡಿದರು. ಸರ್ಕಾರದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ರೂಪಾಯಿ ಬರುತ್ತಿತ್ತು, ಆಮೇಲೆ ಅದು 5,000 ಆಯಿತು. ಬಂದಾಗ ಬೇಡ ಅನ್ನುವ ಹಣವಲ್ಲ, ಆದರೆ ವರ್ಷ ದೊಡ್ಡದು. ನಾನು ಬಿ.ಕಾಂ. ಓದಿದವಳು, ಟ್ಯಾಲಿ ಬರುತ್ತಿತ್ತು. ಚಳ್ಳಕೆರೆ ಮಾರುಕಟ್ಟೆ ಯಾರ್ಡಿನ ಒಂದು ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಇದೆ ಎಂದು ತವರಿನ ಕಡೆಯವರು ಹೇಳಿದರು. ಹೋದೆ.

ಮೊದಮೊದಲು ಬಸ್ಸಿನ ದುಡ್ಡೇ ಸಂಬಳವನ್ನು ತಿನ್ನುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆ ಖರ್ಚು ಹೋಯಿತು. ಉಚಿತ ಪ್ರಯಾಣದಿಂದ ಹೆಂಗಸರು ಸುಮ್ಮನೆ ಊರೂರು ತಿರುಗುತ್ತಾರೆ ಎಂದು ಗೇಲಿ ಮಾಡುವವರು ಬೆಳಗಿನ ಬಸ್ಸಿಗೊಮ್ಮೆ ಹತ್ತಿ ನೋಡಬೇಕು. ತಳಕು, ಬಿ.ಜಿ. ಕೆರೆ, ಹಾನಗಲ್ ಕಡೆಯಿಂದ ಹತ್ತುವವರೆಲ್ಲ ಟಿಫನ್ ಡಬ್ಬಿಯವರು: ಅಂಗನವಾಡಿಯವರು, ಬಟ್ಟೆ ಅಂಗಡಿಯವರು, ನರ್ಸಮ್ಮಂದಿರು, ನನ್ನಂಥವರು. ಖಾಸಗಿ ಬಸ್ಸು ಸಿಕ್ಕರೆ, ರಾಯದುರ್ಗದ ಕಡೆಯ ಆಂಧ್ರದ ಬಸ್ಸು ಸಿಕ್ಕರೆ, ಆಧಾರ್ ಕಾರ್ಡು ಪರ್ಸಿನೊಳಗೇ ಉಳಿಯುತ್ತದೆ. ಟಿಕೆಟ್ ತೆಗೆಸಲೇಬೇಕು.

ನಾನು ಕೆಲಸಕ್ಕೆ ಹೋಗಲು ಇವರು ಒಪ್ಪಿದ್ದರು. ಒಪ್ಪಿಗೆಯಲ್ಲಿ ಕಪಟವೇನೂ ಇರಲಿಲ್ಲ. ಆದರೆ ಕೆಲವು ತಿಂಗಳಲ್ಲೇ ಮನೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರತೊಡಗಿತು. "ನೀನು ಹೋಗೋಕೆ ಶುರು ಮಾಡಿದ ಮೇಲೆ ಸೀರೆ ಇಳಿಯೋದು ತಡ ಆಗ್ತೈತೆ."

ಅದನ್ನು ಕೇಳಿದಾಗ ಬೇರೆ ಯಾವ ಹೆಂಡತಿಗಾದರೂ ಬರುವ ಸಿಟ್ಟೇ ನನಗೂ ಬಂತು. ಮಗ್ಗದಲ್ಲಿ ಕೂರುವವರು ಅವರು, ತಡವಾದರೆ ನಾನೇನು ಮಾಡಲಿ? ಆದರೆ ಮಾತು ಸುಳ್ಳಾಗಿರಲಿಲ್ಲ. ಯಾಕೆ ಎನ್ನುವುದಕ್ಕೆ ಕಂಡಿಕೆಯ ವಿಷಯ ಸ್ವಲ್ಪ ಹೇಳಬೇಕು.

ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ಸಣ್ಣ ಕಡ್ಡಿ. ಹೊಕ್ಕಿನ, ಅಂದರೆ ಅಡ್ಡ ಎಳೆಯ, ನೂಲನ್ನು ಅದಕ್ಕೆ ಸುತ್ತಿ ಕೊಟ್ಟರೆ ಮಾತ್ರ ನೇಯ್ಗೆ ಸಾಗುತ್ತದೆ. ಬಲಗೈಯಲ್ಲಿ ರಾಟೆ ತಿರುಗಿಸುತ್ತ ಎಡಗೈಯ ಎರಡು ಬೆರಳಿನ ನಡುವೆ ಎಳೆ ಹಿಡಿಯಬೇಕು. ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ. ಸಡಿಲವಾದರೆ ಲಾಳಿ ಓಡುವಾಗ ಸುತ್ತು ಕುಪ್ಪೆಯಾಗಿ ಕಳಚಿ ಬಂದು ಅಂಚಿನಲ್ಲಿ ಸಿಕ್ಕು ಬೀಳುತ್ತದೆ, ಆಗ ನೇಯ್ದದ್ದನ್ನು ಬಿಚ್ಚಬೇಕು. ಜರಿಯಂತೂ ಇನ್ನೂ ಸೂಕ್ಷ್ಮ, ಮುರುಟಿದರೆ ಹೊಳಪು ಹೋಯಿತು. ಹೊಸತರಲ್ಲಿ ಅತ್ತೆ ನನ್ನ ಕೈಗೆ ಜರಿ ಮುಟ್ಟಿಸುತ್ತಲೇ ಇರಲಿಲ್ಲ. ನಾನು ಸುತ್ತಿದ ರೇಷ್ಮೆಯ ಕಂಡಿಕೆಯ ಮೇಲೆ ಹೆಬ್ಬೆರಳಾಡಿಸಿ, ಎಲ್ಲಿ ಉಬ್ಬಿದೆ ಎಂದು ನೋಡದೆಯೇ ಹೇಳುತ್ತಿದ್ದರು.

ಅಷ್ಟೇ ಅಲ್ಲ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಬೇರೆಯೇ ಬಣ್ಣ ಬೇಕಾದ ಸೀರೆಗೆ ಮೂರು ಲಾಳಿ ಓಡಬೇಕು. ಒಡಲ ನೂಲು ಅಂಚಿನ ನೂಲನ್ನು ಪ್ರತಿ ಎಳೆಯಲ್ಲೂ ಹೆಣೆದುಕೊಂಡು ತಿರುಗಬೇಕು. ಆಚೆ ಅಂಚಿನ ಲಾಳಿ ಎಸೆಯಲು ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ಕೂರುತ್ತಾರೆ. ಆ ಇನ್ನೊಬ್ಬರು ಸಾಮಾನ್ಯವಾಗಿ ಹೆಂಡತಿ. ಇಲ್ಲದಿದ್ದರೆ ಶಾಲೆಯಿಂದ ಬಂದ ಮಕ್ಕಳು. ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಯನ್ನು ಹಳೆಯದರ ತುದಿಗೆ ಒಂದೊಂದಾಗಿ ಕೂಡಿಸುವಾಗಲೂ ಮನೆಮಂದಿಯೇ ಕೂರಬೇಕು.

ಇದೆಲ್ಲಕ್ಕೂ ಬರುವ ಕೂಲಿ ಒಂದೇ: ಸೀರೆಗೆ ಇಷ್ಟು. ಅದು ನೇಯ್ದವರ ಹೆಸರಿಗೆ ಬರುತ್ತದೆ.

ನಾನು ಬಸ್ಸು ಹತ್ತಿದ ಮೇಲೆ ಆದದ್ದು ಏನೆಂದರೆ, ಅತ್ತೆಯ ಕಣ್ಣು ಮಂದವಾಗಿದ್ದರಿಂದ ಕಂಡಿಕೆ ಸಾಲದೆ ಇವರೇ ಗುಂಡಿಯಿಂದ ಎದ್ದು ರಾಟೆಯ ಮುಂದೆ ಕೂರುತ್ತಿದ್ದರು. ಸುತ್ತಿ ಮತ್ತೆ ಹೋಗಿ ಮಗ್ಗಕ್ಕೆ ಇಳಿಯುತ್ತಿದ್ದರು. ಮೂರು ಲಾಳಿಯ ಸೀರೆ ಒಪ್ಪಿಕೊಳ್ಳುವುದೇ ಕಷ್ಟವಾಯಿತು. ಸೀರೆ ತಡವಾಗಿದ್ದು ಇವರ ಕೈ ನಿಧಾನವಾಗಿ ಅಲ್ಲ. ಮೊದಲಿಂದಲೂ ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಒಬ್ಬರ ಕೂಲಿ ಸಿಗುತ್ತಿತ್ತು. ಇಬ್ಬರಲ್ಲಿ ಒಬ್ಬರು ಎದ್ದು ಹೋದಾಗ ಅದು ಗೊತ್ತಾಯಿತು, ಅಷ್ಟೇ.

ನನಗೆ ಇದು ಹೊಳೆದದ್ದು ಮನೆಯಲ್ಲಿ ಅಲ್ಲ, ಮಂಡಿಯಲ್ಲಿ. ಶೇಂಗಾ ಸೀಸನ್ನಿನಲ್ಲಿ ತಲೆ ಎತ್ತಲು ಬಿಡುವಿರುವುದಿಲ್ಲ. ರೈತ ಚೀಲ ಇಳಿಸಿದ ಗಳಿಗೆಯಿಂದ ಲಾಟು ನಂಬರು, ಟೆಂಡರಿನಲ್ಲಿ ಬಿದ್ದ ದರ, ತೂಕ ಎಲ್ಲ ಸೇರಿ ಪಟ್ಟಿಯಾಗುತ್ತದೆ. ಚೀಲ ಇಳಿಸಿದವರು, ಸುರಿದವರು, ತೂಗಿದವರು, ಬಾಯಿ ಹೊಲಿದವರು ಎಲ್ಲರ ಕೂಲಿಗೂ ಲೆಕ್ಕದಲ್ಲಿ ಜಾಗ ಇದೆ. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಮಾಲರು ಕೌಂಟರಿಗೆ ಬಂದು ಕೇಳುತ್ತಾರೆ, ಕೇಳುವ ಸಂಘಟನೆ ಅವರಿಗಿದೆ. (ಯಾರ್ಡಿನಲ್ಲಿ ಚೆಲ್ಲಿದ ಕಾಯಿ ಬಳಿದು ಕೇರುವ ಹೆಂಗಸರಿಗೆ ಮಾತ್ರ ಆ ಲೆಕ್ಕದಲ್ಲಿ ಜಾಗವಿಲ್ಲ. ಅದನ್ನೂ ನೋಡಿದ್ದೇನೆ.) ಹಾಗಾದರೆ ಸೀರೆಗೂ ಒಂದು ಪಟ್ಟಿ ಬರೆದರೆ ಹೇಗೆ?

ಒಂದು ಭಾನುವಾರ ಕೂತು ಬರೆದೆ. ಒಂದು ಹಾಸಿನ ಸೀರೆಗಳಿಗೆ ಎಷ್ಟು ಹೊತ್ತು ನೇಯ್ಗೆ, ಎಷ್ಟು ಹೊತ್ತು ಕಂಡಿಕೆ, ಎಷ್ಟು ಹೊತ್ತು ಪಕ್ಕದ ಲಾಳಿ, ಎಳೆ ಕೂಡಿಸಲು ಎಷ್ಟು ಜನ. ಇವರು ಮೊದಲು ನಕ್ಕರು. ಆಮೇಲೆ ಪೆನ್ನು ತಾವೇ ಇಸಿದುಕೊಂಡು ನನ್ನ ಹೊತ್ತಿನ ಲೆಕ್ಕ ತಿದ್ದಿದರು, ಹೆಚ್ಚಿಗೆಯೇ ಹಾಕಿದರು. ನೇಯ್ಗೆಯ ಹೊತ್ತಿನ ಪಕ್ಕದಲ್ಲಿ ಮಿಕ್ಕವರ ಹೊತ್ತು ಸಣ್ಣದಾಗೇನೂ ಕಾಣಲಿಲ್ಲ. ಬರುವ ಕೂಲಿಯನ್ನು ಅಷ್ಟೂ ಹೊತ್ತಿಗೆ ಹಂಚಿದಾಗ ಬಂದ ಅಂಕಿಯನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಹಮಾಲರು ಅಷ್ಟಕ್ಕೆ ಚೀಲ ಮುಟ್ಟುವುದಿಲ್ಲ.

ಸರ್ಕಾರಕ್ಕೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗದವರನ್ನು ಎಣಿಸಿದೆ. ಅದರಲ್ಲಿ ನೇಯುವವರನ್ನು ಬೇರೆ, ಕಂಡಿಕೆ, ಹಾಸು ಮುಂತಾದ ಪೂರಕ ಕೆಲಸ ಮಾಡುವವರನ್ನು ಬೇರೆ ಹಿಡಿದಿದೆ, ಎರಡನೆಯವರೇ ಎಂಟು ಲಕ್ಷ ದಾಟುತ್ತಾರೆ. ಗಣತಿಯಲ್ಲಿ ಅವರೂ ಕೆಲಸಗಾರರು. ಮನೆಯೊಳಗೆ ಮಾತ್ರ ಅದು "ಒಂಚೂರು ಕೈ ಕೊಡೋದು". ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಊರಿನ ಹೆಸರು ಸೀರೆಯ ಮೇಲೆ ಬಂತು, ಒಳ್ಳೆಯದೇ. ಆದರೆ ಅದೇ ಬುಟ್ಟಾ, ಅದೇ ಅಂಚು ಇರುವ ಪವರ್‌ಲೂಮ್ ಸೀರೆ ಪಕ್ಕದಲ್ಲಿ ಅಗ್ಗಕ್ಕೆ ತೂಗಾಡುತ್ತಿರುವಾಗ ಕೂಲಿ ಎಷ್ಟು ಏರೀತು? ಚಳ್ಳಕೆರೆಗೂ ಇಂಥದೇ ಪೆಟ್ಟು ಬಿದ್ದಿದೆ. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲಲಾರದೆ ಎಷ್ಟೋ ಮಿಲ್ಲು ಬಾಗಿಲು ಹಾಕಿದ್ದನ್ನು ಅಪ್ಪ ಈಗಲೂ ಹೇಳುತ್ತಾರೆ. ನಾನು ಒಂದು ಪೆಟ್ಟು ತಿಂದ ಊರಿನಿಂದ ಇನ್ನೊಂದಕ್ಕೆ ಸೊಸೆಯಾಗಿ ಬಂದವಳು.

ಪಟ್ಟಿ ಹಿಡಿದು ಇವರು ಮಾಲೀಕರ ಬಳಿ ಹೋದರು. ಅವರು ಕೆಟ್ಟವರೇನಲ್ಲ, ಕೂರಿಸಿ ಕಾಫಿ ಕೊಟ್ಟರಂತೆ, ಪೂರ್ತಿ ಓದಿದರಂತೆ. ಓದಿ, "ನಿಮ್ಮ ಮನೆಯವ್ರು ಕೆಲಸಕ್ಕೆ ಹೋದ್ರೆ ಅದಕ್ಕೆ ನಾನೇನಪ್ಪ ಮಾಡ್ಲಿ?" ಎಂದರಂತೆ. ಕೊನೆಗೆ ಮೂರು ಲಾಳಿಯ ಸೀರೆಗೆ ಮಾತ್ರ ಸ್ವಲ್ಪ ಏರಿಸಿದರು. ಅಲ್ಲಿಗೆ ಮುಗಿಯಿತು.

ಆದರೆ ಮನೆಯಲ್ಲಿ ಮುಗಿಯಲಿಲ್ಲ. ಹಿಂದಿನ ಬೀದಿಯ ಒಬ್ಬ ಅಜ್ಜಿ ಕಂಡಿಕೆ ಸುತ್ತಲು ಒಪ್ಪಿದರು, ಕಂಡಿಕೆಗೆ ಇಷ್ಟು ಅಂತ. ವಾರಕ್ಕೊಮ್ಮೆ ಎಣಿಸಿ ದುಡ್ಡು ಕೊಡುವುದು. ಮೊದಲ ವಾರ ಇವರು ಎಣಿಸಿ ಕೊಡುತ್ತಿದ್ದಾಗ ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅಜ್ಜಿ ಹೋದ ಮೇಲೆ ತಲೆ ಎತ್ತದೆ ಮಗನನ್ನು ತೆಲುಗಿನಲ್ಲಿ ಕೇಳಿದರು: "ಮರಿ ನಾಕು?" ನನಗೆ? ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾವನಿಗೆ, ಆಮೇಲೆ ಮಗನಿಗೆ ಕಂಡಿಕೆ ಸುತ್ತಿದವರು ಅವರು. ಈಗಲೂ ಕಣ್ಣಿಗೆ ಬೆಳಕು ಸಾಕಾಗುವ ಹೊತ್ತಿನಲ್ಲಿ ದಪ್ಪ ನೂಲಿನದನ್ನು ಅವರೇ ಸುತ್ತುತ್ತಾರೆ. ಇವರು ನನ್ನ ಮುಖ ನೋಡಿದರು. ನಾನು ಅನ್ನಕ್ಕಿಡುವ ನೆಪದಲ್ಲಿ ಒಳಗೆ ಹೋದೆ, ನಗು ತಡೆಯುವುದು ಕಷ್ಟವಾಗಿತ್ತು. ಆ ವಾರದಿಂದ ಅತ್ತೆಗೂ ಪಾವತಿ. ಆ ದುಡ್ಡನ್ನು ಅವರು ಮನೆಗೆ ಖರ್ಚು ಮಾಡುವುದಿಲ್ಲ, ಬೀದಿಯ ಚೀಟಿಗೆ ಕಟ್ಟುತ್ತಾರೆ. ಯಾರ ಹತ್ತಿರವೂ ಕೇಳಿ ಕಟ್ಟುವುದಿಲ್ಲ.

ದುಡ್ಡು ಮನೆಯೊಳಗೇ ಸುತ್ತಿದರೆ ಏನು ಲಾಭ ಎಂದು ನನ್ನ ತಮ್ಮ ಕೇಳಿದ. ಲಾಭ ಇದೆ. ಈಗ ಹೊಸ ಸೀರೆ ಒಪ್ಪಿಕೊಳ್ಳುವ ಮೊದಲು ಇವರು "ಕಂಡಿಕೆ ಖರ್ಚು ತೆಗೆದರೆ ಎಷ್ಟು ಉಳೀತೈತೆ" ಎಂದು ನೋಡುತ್ತಾರೆ. ಕೂಲಿ ಚೆನ್ನಾಗಿದೆ ಎಂದು ಮೊದಲು ಒಪ್ಪಿಕೊಳ್ಳುತ್ತಿದ್ದ ಒಂದೆರಡು ಬಗೆಯ ಸೀರೆ ಈಗ ಬೇಡವಾಗಿವೆ. ಪುಕ್ಕಟೆ ಕೈಗಳನ್ನು ನಂಬಿದ್ದರಿಂದ ಅವು ಚೆನ್ನಾಗಿ ಕಾಣುತ್ತಿದ್ದವು. "ನೀನು ಹೋದ ಮೇಲೆ ತಡ ಆಗ್ತೈತೆ" ಅನ್ನುವ ಮಾತೂ ನಿಂತಿದೆ.

ಅಡುಗೆಯದು ಬೇರೆ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಹಗಲೆಲ್ಲ ಮನೆಯಲ್ಲಿರುವ ಗಂಡಸು ಸಾರಿಗೆ ಒಗ್ಗರಣೆ ಹಾಕಿದರೆ ಬೀದಿಗೆ ಸುದ್ದಿಯಾಗುತ್ತದೆ, ಸ್ವಲ್ಪ ದಿನ. ಇವರ ಮುದ್ದೆ ಇನ್ನೂ ಗಂಟು, ಶೇಂಗಾ ಚಟ್ನಿ ಮಾತ್ರ ನನ್ನದಕ್ಕಿಂತ ರುಚಿ.

ಬಗೆಹರಿಯದೆ ಉಳಿದಿರುವುದು ರಜೆ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ, ನನಗೆ ಭಾನುವಾರ ರಜೆ. ಅಮಾವಾಸ್ಯೆ ಭಾನುವಾರವೇ ಬೀಳಬೇಕೆಂದರೆ ಪಂಚಾಂಗ ನಮ್ಮ ಮಾತು ಕೇಳುವುದಿಲ್ಲ. ಹಾಗೆ ಬಿದ್ದ ಒಂದು ದಿನ ಬೈಕಿನಲ್ಲಿ ಬ್ರಹ್ಮಗಿರಿಗೆ ಹೋಗಿದ್ದೆವು, ಅಶೋಕನ ಶಾಸನ ನೋಡಲು. ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ ಎಂದು ಅದರಲ್ಲಿದೆ ಎಂಬುದು ಶಾಲೆಯಲ್ಲಿ ಓದಿದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆ. ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿಕೊಂಡಿದ್ದಾನೆ, "ಲಿಪಿಕಾರ" ಎನ್ನುವುದನ್ನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಚಕ್ರವರ್ತಿಯ ಆಜ್ಞೆ, ಆದರೂ ಕೆಲಸ ಮಾಡಿದವನ ಹೆಸರು ಇದೆ. ಇವರಿಗೆ ಹೇಳಿದೆ. "ನಾವು ಸೆರಗಿನಲ್ಲಿ ಹಾಕ್ಕೋಬೋದು, ಮಾಲೀಕರು ಕೂಲಿ ಹಿಡೀತಾರೆ" ಎಂದರು.

ಪಕ್ಕದ ಲಾಳಿಗೆ ಜನ ಸಿಗುವುದು ಈಗಲೂ ಕಷ್ಟವೇ. ಬೀದಿಯ ಹುಡುಗಿಯರು ಬಳ್ಳಾರಿ, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ. ಚಳ್ಳಕೆರೆಯಲ್ಲೇ ಬಾಡಿಗೆ ಮನೆ ಮಾಡುವ ಮಾತೂ ಆಗಾಗ ಬರುತ್ತದೆ. ಮಗ್ಗವನ್ನು ಎತ್ತಿ ಇಡಬಹುದು, ಅದರ ಗುಂಡಿಯನ್ನು ಬಾಡಿಗೆ ಮನೆಯವರು ತೋಡಲು ಬಿಡಬೇಕಲ್ಲ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಈ ನಡುವೆ ಅತ್ತೆ ಹೊಸ ಬೇಡಿಕೆ ಇಟ್ಟಿದ್ದಾರೆ. ದೀಪಾವಳಿಯಿಂದ ಕಂಡಿಕೆಯ ದರ ಏರಿಸಬೇಕಂತೆ, ಜರಿಗೆ ಬೇರೆಯೇ ದರವಂತೆ. ಹಿಂದಿನ ಬೀದಿಯ ಅಜ್ಜಿಯೂ ಅವರ ಪರ. ಇವರು ಇನ್ನೂ ಒಪ್ಪಿಲ್ಲ, ಪಟ್ಟಿ ನೋಡಿ ಹೇಳುತ್ತೇನೆ ಎಂದಿದ್ದಾರೆ.