ಲೈಫ್‌ಗಾರ್ಡ್ ಆಗಬೇಕೆ? ತೋಳಿಗಿಂತ ಮೊದಲು ಕಣ್ಣು ಪಳಗಿಸಿ

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರ ಷರತ್ತುಗಳಲ್ಲಿ ಜೀವರಕ್ಷಣಾ ವ್ಯವಸ್ಥೆಯೂ ಒಂದು. ಬೀಚು, ರೆಸಾರ್ಟು, ವಾಟರ್ ಪಾರ್ಕು, ಅಪಾರ್ಟ್‌ಮೆಂಟಿನ ಈಜುಕೊಳ, ಎಲ್ಲ ಕಡೆಗೂ ತರಬೇತಿ ಪಡೆದ ಲೈಫ್‌ಗಾರ್ಡ್ ಬೇಕು. ಆ ಜಾಗ ನಿಮ್ಮದಾಗಲಿ.

1. ಗಡಿಯಾರ ಇಟ್ಟು ಈಜಿ.
ಆಸ್ಟ್ರೇಲಿಯಾದಲ್ಲಿ ಬೀಚಿನ ಜೀವರಕ್ಷಕರಿಗಿರುವ ಬ್ರಾಂಜ್ ಮೆಡಾಲಿಯನ್ ಪರೀಕ್ಷೆಯಲ್ಲಿ 400 ಮೀಟರನ್ನು 9 ನಿಮಿಷದೊಳಗೆ ಈಜಬೇಕು. ಜೊತೆಗೆ 200 ಮೀಟರ್ ಓಟ, 200 ಮೀಟರ್ ಈಜು, ಮತ್ತೆ 200 ಮೀಟರ್ ಓಟ, ಮೂರೂ ಸೇರಿ 8 ನಿಮಿಷದೊಳಗೆ. ಅದನ್ನೇ ಟಾರ್ಗೆಟ್ ಮಾಡಿಕೊಳ್ಳಿ. ತಲೆ ಎತ್ತಿ ಈಜುವುದನ್ನೂ ಅಭ್ಯಾಸ ಮಾಡಿ. ಕೋಚ್ ಬೈಯಬಹುದು, ಬೈಯಲಿ; ಮುಳುಗುತ್ತಿರುವವರು ಒಂದು ಕ್ಷಣವೂ ಕಣ್ತಪ್ಪಬಾರದು.

2. ಸರ್ಟಿಫಿಕೇಟ್ ಮಾಡಿಸಿ.
‘ಊರಿಗೇ ಗೊತ್ತು, ನಾನು ಈಜುಗಾರ’ ಎಂಬ ಮಾತು ಇಂಟರ್‌ವ್ಯೂನಲ್ಲಿ ನಡೆಯುವುದಿಲ್ಲ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆಯ ಕೋರ್ಸ್‌ಗಳಿವೆ. ಅವಧಿ ಮುಗಿಯುವ ಮುನ್ನ ರಿನ್ಯೂ ಮಾಡಿಸಿ.

3. ನೋಡುವುದನ್ನು ಕಲಿಯಿರಿ.
ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ‘ಕಾಪಾಡಿ’ ಎಂದು ಕೂಗುತ್ತಾರೆ. ನಿಜದಲ್ಲಿ ಸದ್ದೇ ಇರುವುದಿಲ್ಲ. ಉಸಿರಿಗೇ ಪುರುಸೊತ್ತಿಲ್ಲದವರು ಕೂಗುವುದು ಹೇಗೆ? ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತದೆ, ಕೈಗಳು ಅಕ್ಕಪಕ್ಕದ ನೀರನ್ನು ಒತ್ತುತ್ತವೆ, ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದಿಲ್ಲ. ಒಂದು ನಿಮಿಷದೊಳಗೆ ಕಥೆ ಮುಗಿಯಬಹುದು. 10/20 ಸೂತ್ರ ಪಾಲಿಸಿ: 10 ಸೆಕೆಂಡಿನಲ್ಲಿ ನಿಮ್ಮ ಜೋನ್ ಪೂರ್ತಿ ನೋಡಿ, 20 ಸೆಕೆಂಡಿನಲ್ಲಿ ತಲುಪಿ. ಇದು ಈಜುಕೊಳದಲ್ಲಿ ಹುಟ್ಟಿದ ಅಳತೆ. ಬೀಚಿನಲ್ಲಿ ದೂರ ಹೆಚ್ಚು, ಹಾಗಾಗಿ ಇನ್ನೂ ಬೇಗ ಗುರುತಿಸಿ. ಡ್ಯೂಟಿಯಲ್ಲಿ ಮೊಬೈಲ್ ಮುಟ್ಟಲೇಬೇಡಿ.

4. ಕಡಲಿನ ಗುಣ ತಿಳಿಯಿರಿ.
ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಶಾಂತವಾಗಿ, ಕಪ್ಪಾಗಿ ಕಂಡರೆ ಅನುಮಾನಿಸಿ. ನೀರು ಹಿಂದಕ್ಕೆ ಸೆಳೆಯುವ ದಾರಿ ಅದು. ಪ್ರವಾಸಿಗರು ಮಕ್ಕಳನ್ನು ಇಳಿಸುವುದೂ ಅಲ್ಲಿಯೇ! ಸೆಳೆತಕ್ಕೆ ಸಿಕ್ಕವರು ಅದಕ್ಕೆ ಎದುರಾಗಿ ಅಲ್ಲ, ದಡಕ್ಕೆ ಸಮಾನಾಂತರವಾಗಿ ಈಜಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲವೇ ಅಲ್ಲ. ಸ್ಥಳೀಯ ಮೀನುಗಾರರನ್ನು ಕೇಳಿ, ಯಾವ ಕಡೆ ಸೆಳೆತ ಎಂದು ಹೇಳುತ್ತಾರೆ.

5. ಹಾರುವ ಮುನ್ನ ಎಸೆಯಿರಿ.
ಕೋಲು ಚಾಚಿ, ಹಗ್ಗ ಎಸೆಯಿರಿ, ದೋಣಿ ಕಳಿಸಿ. ನೀರಿಗಿಳಿಯುವುದು ಕೊನೆಯ ಆಯ್ಕೆ. ಇಳಿದರೂ ರೆಸ್ಕ್ಯೂ ಟ್ಯೂಬ್ ಬಿಡಬೇಡಿ. ಗಾಬರಿಬಿದ್ದವರು ನಿಮ್ಮ ಹೆಗಲೇರುತ್ತಾರೆ, ಇಬ್ಬರೂ ಮುಳುಗುತ್ತೀರಿ.

6. ಸಿಪಿಆರ್ ಕೈಗೆ ಹತ್ತುವವರೆಗೂ ಮಾಡಿ.
ಹೊಟ್ಟೆ ಒತ್ತಿ ನೀರು ಕಕ್ಕಿಸಬೇಡಿ, ತಲೆಕೆಳಗು ಮಾಡಬೇಡಿ. ಉಪ್ಪಿನ ರಾಶಿಯಲ್ಲಿ ಮಲಗಿಸುವ ವಾಟ್ಸ್‌ಆ್ಯಪ್ ವೈದ್ಯವನ್ನಂತೂ ಹತ್ತಿರ ಸೇರಿಸಬೇಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಬಾಯಿಗೆ ಬಾಯಿಟ್ಟು ಗಾಳಿ ಊದಿ, ನಂತರ 30 ಸಲ ಎದೆ ಒತ್ತಿ, 2 ಸಲ ಊದಿ, ಮುಂದುವರಿಸಿ. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ.

7. ಸಂಕೋಚ ಬಿಡಿ.
ಸೀಟಿ ಊದಿ. ‘ಸರ್, ಮೇಲೆ ಬನ್ನಿ’ ಎಂದು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ. ಕುಡಿದು ಬಂದವರು ರೇಗುತ್ತಾರೆ, ರೇಗಲಿ.

8. ‘ನನ್ನಿಂದ ಆಗುತ್ತಾ?’ ಎಂಬ ಚಾಳಿ ಬಿಡಿ.
ಅದು ಅಭ್ಯಾಸ ಕಡಿಮೆಯಾದಾಗ ಬರುವ ಪ್ರಶ್ನೆ. ಪ್ರತಿ ವಾರ ಮಾಕ್ ಡ್ರಿಲ್ ಮಾಡಿ, ತಾನೇ ಹೋಗುತ್ತದೆ.

9. ಸಂಬಳದ ಮಾತು ಮೊದಲೇ ಆಡಿ.
ಪಿಎಫ್ ಇದೆಯೇ, ಇನ್ಶೂರೆನ್ಸ್ ಇದೆಯೇ, ಮಳೆಗಾಲದಲ್ಲಿ ಸಂಬಳ ಉಂಟೇ, ಕೇಳಿ. ಜೀವ ಒತ್ತೆಯಿಡುವ ಕೆಲಸಕ್ಕೆ ಇಷ್ಟು ಕೇಳುವುದು ನಿಮ್ಮ ಹಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು. ಆ ತಿಂಗಳುಗಳನ್ನು ಈಜುಕೊಳದಲ್ಲಿ, ಕೋರ್ಸಿನಲ್ಲಿ ಕಳೆಯಿರಿ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವಾಗ ಅರ್ಜಿಯ ಜೊತೆ ಸರ್ಟಿಫಿಕೇಟೂ ಇರಲಿ.