ಸಂಘದಲ್ಲಿರುವ ನಮ್ಮ ವಿವರ ಸೋರಿಹೋದರೆ

ಬೆಳೆಸಾಲಕ್ಕೆಂದು ಸದಸ್ಯರು ಸಂಘಕ್ಕೆ ಪಹಣಿ, ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಫೋನ್ ನಂಬರು ಕೊಡುತ್ತಾರೆ. ಹಿಂದೆ ಇವೆಲ್ಲ ಗುಮಾಸ್ತರ ಬೀರುವಿನಲ್ಲಿದ್ದವು. ಈಗ ಕಂಪ್ಯೂಟರ್ ಸೇರಿವೆ. ಬೀರುವಿನ ಕಡತ ಕಳುವಾದರೆ ಜಾಗ ಖಾಲಿ ಕಾಣುತ್ತದೆ. ಕಂಪ್ಯೂಟರಿನಿಂದ ಸಾವಿರ ಸದಸ್ಯರ ವಿವರ ನಕಲಾಗಿ ಹೋದರೂ ಏನೂ ಕಡಿಮೆಯಾದಂತೆ ತೋರದು. ಸಂಘ ಹೇಳದಿದ್ದರೆ ಸದಸ್ಯನಿಗೆ ತಿಳಿಯುವ ದಾರಿಯೇ ಇಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರಲ್ಲಿ ತೀರ್ಪಿತ್ತಿತು. ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ವಿವರ ಕಾಯುವ ಮತ್ತು ಸೋರಿಕೆ ತಿಳಿಸುವ ಹೊಣೆ ಜಾರಿಗೆ ಬರಲು ಆಗಿನಿಂದ 18 ತಿಂಗಳ ಗಡುವು ಇಡಲಾಯಿತು.

ಸೋರಿಕೆಯೆಂದರೆ ಕಳ್ಳತನವೊಂದೇ ಅಲ್ಲ. ವಿವರ ಕೈತಪ್ಪಿ ಬೇರೆಯವರಿಗೆ ಹೋದರೂ, ಅಧಿಕಾರವಿಲ್ಲದವರು ಹಂಚಿದರೂ, ತಿದ್ದಿದರೂ, ಅಳಿಸಿದರೂ ಅದೇ. ಬಾಕಿದಾರರ ಪಟ್ಟಿಯನ್ನು ಆಧಾರ್ ಸಂಖ್ಯೆ ಸಮೇತ ವಾಟ್ಸಾಪ್ ಗುಂಪಿಗೆ ಹಾಕುವ ಉತ್ಸಾಹಿಗಳು ಇದನ್ನು ಗಮನಿಸಬೇಕು. ಬರೀ ಕಾಗದದ ಲೆಡ್ಜರಿಗೆ ಕಾಯ್ದೆ ಅನ್ವಯಿಸದು. ಕಂಪ್ಯೂಟರಿಗೆ ಏರಿಸಿದೊಡನೆ ಅನ್ವಯಿಸುತ್ತದೆ.

ಸೋರಿಕೆ ಗೊತ್ತಾದ ಕೂಡಲೇ ಸಂಘವು ಬಾಧಿತರಾದ ಒಬ್ಬೊಬ್ಬ ಸದಸ್ಯರಿಗೂ ತಿಳಿಸಬೇಕು. ಏನಾಯಿತು, ಯಾವಾಗ ಆಯಿತು, ಯಾವ ತೊಂದರೆ ಬರಬಹುದು, ಸಂಘ ಏನು ಮಾಡುತ್ತಿದೆ, ಸದಸ್ಯರು ಏನು ಮಾಡಬೇಕು, ಯಾರನ್ನು ವಿಚಾರಿಸಬೇಕು, ಇಷ್ಟೂ ಸರಳ ಮಾತಿನಲ್ಲಿರಬೇಕು. ನೋಟೀಸು ಬೋರ್ಡಿಗೆ ಅಂಟಿಸಿದರೆ ಸಾಲದು. ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡವಿಲ್ಲದೆ ತಿಳಿಸಿ, 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ಕಂಪ್ಯೂಟರಿನ ಮೇಲೆ ದಾಳಿಯಾದರೆ ಕೇಂದ್ರದ ಸೆರ್ಟ್-ಇನ್ ಸಂಸ್ಥೆಗೆ 6 ಗಂಟೆಯೊಳಗೆ ವರದಿ ಮಾಡಬೇಕೆಂಬ 2022ರ ಆದೇಶ ಬೇರೆಯೇ ಇದೆ.

ಸಾಫ್ಟ್‌ವೇರ್ ಹಾಕಿಕೊಟ್ಟ ಕಂಪನಿಯ ತಪ್ಪೆಂದು ಸಂಘ ಕೈತೊಳೆದುಕೊಳ್ಳುವಂತಿಲ್ಲ. ಸೋರಿಕೆ ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ, ರಕ್ಷಣೆಯ ಲೋಪಕ್ಕೆ 250 ಕೋಟಿವರೆಗೆ ದಂಡವಿದೆ. ಇವು ಗರಿಷ್ಠ ಮಿತಿಗಳು. ಲೋಪದ ಗಾತ್ರ ನೋಡಿ ಮಂಡಳಿ ನಿಗದಿ ಮಾಡುತ್ತದೆ. ಆದರೂ ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲೇ ಚರ್ಚಿಸುವುದು ಲೇಸು.

ಸೋರಿಕೆಯ ಸುದ್ದಿ ಬಂದ ಸದಸ್ಯರು ಮೊದಲು ಬ್ಯಾಂಕಿಗೆ ಹೇಳಿ. ಸಂಘದ ಹೆಸರಿನಲ್ಲಿ ಫೋನ್ ಮಾಡಿ ಓಟಿಪಿ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಸಂಘದ ಮೇಲೆ ದೂರಿದ್ದರೆ ಮೊದಲು ಸಂಘಕ್ಕೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರ ಸಿಗದಿದ್ದಲ್ಲಿ ಮಂಡಳಿಗೆ ಹೋಗಬಹುದು.